ಶಂಕರಿಯ ಎಡಗಿವಿ

ಕರೆಂಟು ಹೋದರೆ ದೊಡ್ಡಬಳ್ಳಾಪುರದಲ್ಲಿ ಎಲ್ಲರಿಗೂ ನಷ್ಟವೇ. ಮಗ್ಗದ ಮಾಲೀಕನಿಗೆ ಅರ್ಧ ಸೀರೆ ಹೋಗುತ್ತಿತ್ತು, ಕೂಲಿಗೆ ನೇಯುವವನಿಗೆ ಸಂಜೆಯ ಸಾರಿನ ಬೇಳೆ. ತೊಂಬತ್ತಾರರ ಆ ಬೇಸಿಗೆಯಲ್ಲಿ ಆದಿನಾರಾಯಣಪ್ಪನ ಮಗಳು ಶಂಕರಿಗೆ ಮಾತ್ರ ಒಂದು ಗಂಡೇ ಹೋಯಿತು.

ಸೂಲಿಬೆಲೆಯಿಂದ ನೋಡಲು ಬಂದಿದ್ದರು, ಹೊಲ ಮಾಡಿಕೊಂಡಿದ್ದ ಜನ. ಉಪ್ಪಿಟ್ಟು ಮುಗಿದು ಕಾಫಿ ಬಂದಿತ್ತು. ಅಷ್ಟರಲ್ಲಿ ಕರೆಂಟು ಹೋಗಿ ಇಡೀ ಬೀದಿಯ ಮಗ್ಗಗಳು ಒಟ್ಟಿಗೆ ನಿಂತವು.

ಆ ಮೌನದಲ್ಲಿ ಗಂಡಿನ ತಾಯಿ ಕತ್ತು ತಿರುಗಿಸಿದಳು.

"ಏನದು, ಸೀಟಿ?"

ಗಂಡು ಶಂಕರಿಯ ಕಡೆ ಬಾಗಿದ. ಅವಳು ತುಟಿ ಮುಚ್ಚಿಕೊಂಡೇ ಇದ್ದಳು. ಅವನು ಲೋಟ ಕೆಳಗಿಟ್ಟು ತಾಯಿಯ ಕಡೆ ಸರಿದ. "ಇವಳ ಮೈಯಿಂದಲೇ ಬರ್ತಿದೆ ಕಣಮ್ಮ," ಎಂದು ಪಿಸುಗುಟ್ಟಿದ. ಎಲೆಅಡಿಕೆ ಮುಟ್ಟದೆ ಎದ್ದು ಹೋದರು.

"ನಂಗೇನೂ ಕೇಳಿಸ್ಲಿಲ್ವಲ್ಲ," ಎಂದಳು ತಾಯಿ ನಾರಾಯಣಮ್ಮ. ಅಪ್ಪನಿಗೂ ಕೇಳಿಸಿರಲಿಲ್ಲ. ಶಂಕರಿಗೂ ಇಲ್ಲ. ಆದರೆ ಅದಕ್ಕೂ ಮೊದಲು ಜಡಿಗೇನಹಳ್ಳಿಯವರು ಬಂದಾಗಲೂ ಹೀಗೇ ಆಗಿತ್ತು.

ತನ್ನೊಳಗೆ ಏನೋ ಇದೆ ಎಂಬುದು ಅವಳಿಗೆ ಗೊತ್ತಿದ್ದದ್ದು ಬೇರೆಯವರ ಮುಖದಿಂದ ಮಾತ್ರ. ಆಮೇಲೆ ಕನ್ನಡಿ ಮುಂದೆ ಉಸಿರು ಹಿಡಿದು ನಿಲ್ಲುವುದು ಅವಳಿಗೆ ರೂಢಿಯಾಯಿತು. ತಾನು ಉಸಿರು ಬಿಗಿಹಿಡಿದಾಗಲೂ ಒಳಗೆ ಇನ್ಯಾರಾದರೂ ಉಸಿರಾಡುತ್ತಾರೇನೋ ಎಂದು ನೋಡುತ್ತಿದ್ದಳು.

ಮಗ್ಗ ರಿಪೇರಿ ಮಾಡುವ ಮುನಿಕೃಷ್ಣ ಬರುತ್ತಿದ್ದದ್ದು ಅದೇ ದಿನಗಳಲ್ಲಿ. ಮಗ್ಗದ ಮನೆಯ ಗದ್ದಲದಲ್ಲಿ ಯಾರ ದನಿಯೂ ಯಾರಿಗೂ ಮುಟ್ಟುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರು ದನಿ ಬಿಟ್ಟು ತುಟಿಯಲ್ಲೇ ಮಾತಾಡುತ್ತಾರೆ, ಕಣ್ಣಲ್ಲಿ ಕೇಳಿಸಿಕೊಳ್ಳುತ್ತಾರೆ. ಹಿತ್ತಲ ಬಾಗಿಲಲ್ಲಿ ಕೂತು ನೂಲು ಸುತ್ತುವ ಶಂಕರಿಗೂ, ಮಗ್ಗದಡಿ ಸ್ಪ್ಯಾನರ್ ಹಿಡಿದ ಅವನಿಗೂ ಹಾಗೇ ಮಾತು ಬೆಳೆಯಿತು.

"ಏನ್ ನೋಡ್ತಿದೀಯ?" ಅವಳ ತುಟಿ.

"ಮಗ್ಗ."

"ಮಗ್ಗ ಆ ಕಡೆ ಇದೆ."

"ಅದು ಸರಿಯಾಗೇ ಇದೆ. ಕೆಟ್ಟಿರೋನು ನಾನು."

ಅವಳು ನಗು ಮುಚ್ಚಲು ಸೆರಗು ಬಾಯಿಗೆ ತಂದಳು. ಅವನು ಕೈ ಅಲ್ಲಾಡಿಸಿದ: ಬಾಯಿ ಮುಚ್ಚಿದರೆ ಮಾತೇ ಮುಗೀತು, ತೆಗಿ.

ಒಂದು ದಿನ ಅವನ ತುಟಿ ನಿಧಾನವಾಗಿ, ಬಿಡಿಸಿ ಹೇಳಿತು: "ನನ್ನ ಮದ್ವೆ ಆಗ್ತೀಯಾ?"

"ಕರೆಂಟ್ ಹೋದಾಗ ಬಂದು ಕೇಳು."

ಬಂದ. ಬೀದಿ ಸತ್ತಂತೆ ಮಲಗಿತ್ತು. ನೂಲಿನ ಗಂಟಿನ ಮೇಲಿದ್ದ ಬೆಕ್ಕು ಕಿವಿ ನಿಮಿರಿಸಿ ಶಂಕರಿಯನ್ನೇ ನೋಡುತ್ತಾ ಹಿಂದೆ ಹಿಂದೆ ಸರಿಯಿತು. ಸದ್ದು ಬರುತ್ತಿದೆ ಎಂದು ಅವಳಿಗೆ ಅರ್ಥವಾಯಿತು. ಮುನಿಕೃಷ್ಣ ಅವಳ ಕೆನ್ನೆಯ ಹತ್ತಿರ ತಲೆ ತಂದ. ಅವಳು ಅವನ ಹುಬ್ಬು, ಗಂಟಲು, ತುಟಿಯ ಅಂಚು ಎಲ್ಲವನ್ನೂ ಕಾದು ನೋಡಿದಳು. ಒಂದೂ ಕದಲಲಿಲ್ಲ.

"ಏನ್ ಕೇಳಿಸ್ತು?"

"ನಿನ್ನ ಉಸಿರು. ಗಾಬರಿ ಬಿದ್ದಿದೀಯ ನೀನು."

ಹೆದರದ ಗಂಡು ಒಬ್ಬನಿದ್ದಾನೆ ಎಂದು ಶಂಕರಿ ಅವತ್ತು ನಂಬಿದಳು.

ಮುಂದಿನ ವಾರ ನೇಕಾರರ ಕಿವಿ ಪರೀಕ್ಷೆಗೆ ಬೆಂಗಳೂರಿನಿಂದ ಡಾಕ್ಟರು ಬಂದರು. "ನಡಿ, ನಿಂಗೇನೂ ಇಲ್ಲ ಅಂತ ಬರೆಸ್ಕೊಂಡು ಬಂದ್ಬಿಡೋಣ," ಎಂದು ಮುನಿಕೃಷ್ಣನೇ ಕರೆದೊಯ್ದ. ನಾರಾಯಣಮ್ಮನೂ ಹಿಂದೆ ಬಂದಳು.

ಡಾಕ್ಟರ್ ಚಂದನ ಶಂಕರಿಯ ಎಡಗಿವಿಗೆ ಪುಟ್ಟ ಮೈಕ್ ಇದ್ದ ಬಿರಡೆ ಇಟ್ಟರು. ಮೆಷಿನ್ ಇನ್ನೂ ಸದ್ದು ಬಿಟ್ಟಿರಲಿಲ್ಲ, ಪರದೆಯ ಮೇಲೆ ಆಗಲೇ ಒಂದು ಗೆರೆ ಸೂಜಿಯಂತೆ ಎದ್ದು ನಿಂತಿತ್ತು. ಡಾಕ್ಟರು ಫ್ಯಾನ್ ನಿಲ್ಲಿಸಿ, ಬಿರಡೆ ತೆಗೆದು, ಅವಳ ಕಿವಿಗೆ ತಮ್ಮ ಕಿವಿ ತಂದರು. ಒಂದು ಗಳಿಗೆ ಅವರ ಮುಖವೂ ಸೂಲಿಬೆಲೆಯವರ ಮುಖದಂತೆಯೇ ಆಯಿತು. ಆಮೇಲೆ ನಕ್ಕರು.

"ಕಿವಿ ಬರೀ ಕೇಳಲ್ಲಮ್ಮ, ತಾನೂ ಸಣ್ಣಗೆ ಸದ್ದು ಮಾಡುತ್ತೆ. ಇದನ್ನ ಕಂಡುಹಿಡಿದು ಇನ್ನೂ ಇಪ್ಪತ್ತು ವರ್ಷ ಆಗಿಲ್ಲ. ಬೇರೆಯವರದ್ದು ಮೈಕಿಗೆ ಮಾತ್ರ ಸಿಗುತ್ತೆ. ನಿನ್ನಷ್ಟು ಜೋರಾಗಿರೋದು ಬಹಳ ಅಪರೂಪ. ಮೊದಲಿಂದ ಇರೋದಲ್ವಾ, ನಿನ್ನ ತಲೆ ಅದನ್ನ ಲೆಕ್ಕಕ್ಕೇ ಇಟ್ಟಿಲ್ಲ."

"ಹಂಗಾರೆ ದೆವ್ವ ಅಲ್ವಾ?" ನಾರಾಯಣಮ್ಮ ಕೇಳಿದಳು.

"ಕಿವಿ ಅಷ್ಟೇ ಅಮ್ಮ."

"ಇವರಿಗೂ ಏನೂ ಕೇಳಿಸ್ಲಿಲ್ಲ ಮೇಡಂ," ಎಂದಳು ಶಂಕರಿ ಮುನಿಕೃಷ್ಣನನ್ನು ತೋರಿಸಿ, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರು ಮುನಿಕೃಷ್ಣನ ಕಿವಿಯನ್ನೂ ನೋಡಿದರು. ಅವರ ನಗು ಹೋಯಿತು. "ಕೇಳಿಸೋಕೆ ಸಾಧ್ಯವೇ ಇಲ್ಲ. ಸೀಟಿಯಂಥ ಸಣ್ಣ ದನಿ ಕೇಳೋ ಶಕ್ತೀನ ಮಗ್ಗದ ಗದ್ದಲ ತಿಂದುಬಿಟ್ಟಿದೆ. ನಿಮ್ಮ ಮನೇಲಿ ಯಾರಿಗೂ ಕೇಳಿಸದೇ ಇರೋದು ಅದಕ್ಕೇ."

ಹಾಗಾದರೆ ಅವನು ಹೆದರದೆ ಇದ್ದದ್ದಲ್ಲ, ಅವನಿಗೆ ಕೇಳಿಸಿಯೇ ಇರಲಿಲ್ಲ ಎಂದು ಶಂಕರಿಗೆ ಹೊಳೆಯಿತು.

"ಕೇಳಿಸಿದ್ರೆ ನೀನೂ ಎದ್ದು ಹೋಗ್ತಿದ್ದೆ," ಎಂದಳು.

ಅವನು ಡಾಕ್ಟರ ಕಡೆ ತಿರುಗಿದ. "ನಂಗೆ ಕೇಳೋ ಹಂಗೆ ಮಾಡೋಕಾಗುತ್ತಾ ಮೇಡಂ?"

ಡಾಕ್ಟರು ಆ ಸದ್ದನ್ನು ಟೇಪಿಗೆ ಹಿಡಿದರು. ನಿಧಾನವಾಗಿ ಓಡಿಸಿದರೆ ಸೀಟಿಯ ಸಣ್ಣ ದನಿ ದಪ್ಪಗಾಗುತ್ತದೆ, ಆಗ ಅವನ ಕಿವಿಗೂ ಸಿಗುತ್ತದೆ ಎಂದರು. ಇದ್ದದ್ದು ಒಂದೇ ಹೆಡ್‌ಫೋನ್. ಒಂದು ಬದಿ ಅವನು, ಒಂದು ಬದಿ ಅವಳು ಕಿವಿಗೊತ್ತಿಕೊಂಡು ತಲೆಗೆ ತಲೆ ತಾಗಿಸಿ ಕೂತರು.

ಒಣಗಿದ ಬಾವಿಯ ತಳದಲ್ಲಿ ಯಾರೋ ಕೂತು, ಉಸಿರೇ ತೆಗೆದುಕೊಳ್ಳದೆ ಗುನುಗುತ್ತಿರುವಂತಿತ್ತು. ನಿಲ್ಲಲಿಲ್ಲ. ತಾನು ಉಣ್ಣುವಾಗ, ಮಲಗಿದಾಗ, ಅತ್ತಾಗ ಎಲ್ಲ ಇದು ನಡೆದೇ ಇತ್ತು ಎಂದು ನೆನೆದು ಶಂಕರಿಯ ಬೆನ್ನು ತಣ್ಣಗಾಯಿತು. ಅವನ ಮುಖ ನೋಡಿದಳು. ಗಂಟಲು ಮೇಲೆ ಕೆಳಗೆ ಆಡಿತು. ಮುಂಗೈ ರೋಮ ಎದ್ದಿತ್ತು. ಸೂಲಿಬೆಲೆಯ ಗಂಡಿನ ಮುಖ ಮತ್ತೆ ಎದುರಿಗೆ ಬಂದಂತಾಯಿತು.

ಅವಳು ಏಳಲು ಹೋದಳು. ಅವನು ಕೈ ಹಿಡಿದ.

"ಹೆದರಿಕೆ ಆಯ್ತಾ?" ದನಿಯಿಲ್ಲದೆ, ತುಟಿಯಲ್ಲೇ ಕೇಳಿದಳು.

"ಹೂಂ. ತುಂಬಾ."

"ಮತ್ತೆ?"

"ಮತ್ತೇನು? ಇನ್ನೊಂದ್ಸಲ ಹಾಕ್ಸು. ಅಭ್ಯಾಸ ಆಗ್ಬೇಕಲ್ಲ."

ಅವನ ಅಂಗೈ ತಣ್ಣಗೆ ಬೆವರಿತ್ತು. ಟೇಪು ಮುಗಿಯುವವರೆಗೂ ಬಿಡಲಿಲ್ಲ.

ಶ್ರಾವಣದಲ್ಲಿ ಮದುವೆಯಾಯಿತು. ಮುನಿಕೃಷ್ಣನಿಗೆ ಹೋದ ಕಿವಿ ಮರಳಿ ಬರಲಿಲ್ಲ. ಹೆದರದ ಗಂಡೆಂದು ಶಂಕರಿ ನಂಬಿದ್ದವನನ್ನು ಅವಳು ಕಿವಿ ಪರೀಕ್ಷೆಯ ದಿನವೇ ಕಳೆದುಕೊಂಡಿದ್ದಳು. ಹೆದರಿಯೂ ಎದ್ದು ಹೋಗದವನು ಸಿಕ್ಕಿದ್ದ.