ಎರಡು ಹೂವಿನ ಡೆಸ್ಕು

"ಆ ಚಿತ್ರಗಳನ್ನ ಇಲ್ಲಿ ಕೊಡಿ."

ಶಾಲೆಯ ಬಾಗಿಲಿಗೆ ಅಡ್ಡ ನಿಂತಿದ್ದ ಟ್ರಾಯನ್ ಮೇಷ್ಟ್ರ ಕಣ್ಣು ಕೆಂಪಾಗಿತ್ತು. ಸಾಂಡಾ ಕಾಗದದ ಕಟ್ಟನ್ನು ಎದೆಗವಚಿಕೊಂಡಳು.

"ಮಕ್ಕಳು ಒಪ್ಪದೆ ಯಾರಿಗೂ ತೋರಿಸಲ್ಲ ಅಂತ ಮಾತು ಕೊಟ್ಟಿದೀನಿ."

"ಏಳು ವರ್ಷದವರ ಒಪ್ಪಿಗೆ ಬೇರೆ ಕೇಡು. ನನ್ನ ಮಕ್ಕಳನ್ನ ಅಳಿಸಿ, ಪುಸ್ತಕ ಬರೆದು, ಬಸ್ಸು ಹತ್ತಿ ಹೋಗ್ತೀರಿ. ಆಮೇಲೆ?"

ಶಾಲೆ ಹೇಗಿದೆ ಎಂದು ದೊಡ್ಡವರನ್ನಲ್ಲ, ಮಕ್ಕಳನ್ನೇ ಕೇಳಿ ತಿಳಿಯಲು ಅವಳು ಕ್ಲುಜ್ ನಗರದಿಂದ ಈ ಬೆಟ್ಟದೂರಿಗೆ ಬಂದು ಮೂರು ವಾರ. ಬೆಳಗ್ಗೆ ಮಕ್ಕಳ ಒದ್ದೆ ಕೈಗವಸುಗಳನ್ನು ಒಲೆಯ ಮೇಲೆ ಒಣಹಾಕುತ್ತಿದ್ದ ಈ ಮನುಷ್ಯನನ್ನು ನೋಡಿ ಅವಳ ಮನಸ್ಸು ಜಾರಿದ್ದೂ ನಿಜ. ಆದರೆ ಇವತ್ತು...

ಮಕ್ಕಳು ಬಿಡಿಸಿಕೊಟ್ಟ ಹದಿನಾಲ್ಕು ಚಿತ್ರಗಳಲ್ಲೂ ಒಂದೇ ಖಾಲಿ ಡೆಸ್ಕು. ಮೇಲೆ ಎರಡು ಹೂವು. ಬದುಕಿರುವವರಿಗೆ ಕೊಡುವುದು ಒಂದು, ಮೂರು, ಐದು. ಜೋಡಿ ಹೂವು ಸತ್ತವರಿಗೆ. ಈ ನಾಡಿನಲ್ಲಿ ಅದು ಮಕ್ಕಳಿಗೂ ಗೊತ್ತು.

"ಅದು ವೊಯ್ಕಾದು" ಎಂದಿದ್ದಳು ಪುಟ್ಟ ಅಂಕಾ. "ಜ್ವರ ಬಂದು ಸತ್ತೋದ್ಲು. ಮಾರನೇ ದಿನಾನೇ ಮೇಷ್ಟ್ರು ಡೆಸ್ಕು ಎತ್ತಿಸಿಬಿಟ್ರು. ನಾನು ಸತ್ರೂ ಹಂಗೇ ಎತ್ತಿಸ್ತಾರಾ?"

ಎಂಥ ಕಲ್ಲುಮನಸ್ಸಿನವನು! ಆ ಮಗು ಇದನ್ನು ಒಳಗಿಟ್ಟುಕೊಂಡು ದಿನಾ ಶಾಲೆಗೆ ಬರುತ್ತಿದೆಯಲ್ಲ...

ಅವಳು ಕಟ್ಟು ಕೊಡಲಿಲ್ಲ. ಮರುದಿನ ಮಕ್ಕಳನ್ನೇ ಕೇಳಿದಳು, ಮೇಷ್ಟ್ರಿಗೆ ತೋರಿಸಲಾ ಎಂದು. ಅಂಕಾ ತುಂಬ ಹೊತ್ತು ಯೋಚಿಸಿದಳು.

"ತೋರಿಸಿ. ಆದ್ರೆ ನೀವೂ ಪಕ್ಕದಲ್ಲಿರಿ."

ಟ್ರಾಯನ್ ಒಂದೊಂದೇ ಚಿತ್ರ ನೋಡಿದ. ಆಮೇಲೆ ಮಕ್ಕಳ ಕುರ್ಚಿಯಲ್ಲೇ ಕುಸಿದು ಕೂತ.

"ಕಣ್ಣಿಗೆ ಬಿದ್ರೆ ಅಳ್ತಾರೆ ಅಂತ ಎತ್ತಿಸಿದೆ... ಎಸೆದಿಲ್ಲ ಸಾಂಡಾ. ಮನೇಲಿದೆ. ದಿನಾ ಎರಡು ಹೂವು ಇಡ್ತೀನಿ. ಅದರ ಎದುರಿಗೇ ಕೂತು ಊಟ ಮಾಡ್ತೀನಿ."

ಅವನನ್ನು ಕಲ್ಲು ಎಂದುಕೊಂಡದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಮಾರನೇ ಬೆಳಗ್ಗೆ ಅವನು ಡೆಸ್ಕನ್ನು ಬೆನ್ನ ಮೇಲೆ ಹೊತ್ತು ತಂದ.

"ನಾನು ತಪ್ಪು ಮಾಡಿದೆ. ವೊಯ್ಕಾನ ಮರೆತಿಲ್ಲ."

"ನನ್ನ ಡೆಸ್ಕು?" ಅಂಕಾ ಕೇಳಿದಳು.

"ಯಾರೂ ಮುಟ್ಟಲ್ಲ ಕಣಮ್ಮಾ."

ಹದಿನಾಲ್ಕು ಮಕ್ಕಳೂ ಅತ್ತರು. ಅವನೂ ಅತ್ತ, ಮೊದಲ ಸಲ ಅವರೆದುರಿಗೆ.

ಸಾಂಡಾ ಹೊರಡುವ ದಿನ ಅವನು ಬಸ್ಸಿನ ಹತ್ತಿರ ಓಡಿ ಬಂದು ಹೂವು ಚಾಚಿದ. ಅವಳು ಬೆಚ್ಚಿದಳು. ಎರಡೇ ಹೂವು!

ಅವನೂ ನೋಡಿಕೊಂಡ. ಮುಖ ಬಿಳಿಚಿತು. "ಅಯ್ಯೋ... ಕೈಗೆ ಅಭ್ಯಾಸ ಆಗ್ಬಿಟ್ಟಿದೆ. ಎರಡೇ ಕೀಳುತ್ತೆ."

ಸಾಂಡಾ ಬಗ್ಗಿ, ದಾರಿಯ ಪಕ್ಕದಿಂದ ಇನ್ನೊಂದು ಕಿತ್ತು ಅವನ ಕೈಯಲ್ಲಿಟ್ಟಳು.

"ಈಗ ಮೂರಾಯ್ತು. ಈಗ ಕೊಡಿ."

"ಹೋಗ್ಬೇಡಿ ಅಂತ ಹೇಳೋಕೆ ಬಂದೆ."

"ಇದನ್ನೂ ಬರ್ಕೊಳ್ಳಲಾ, ಮೇಷ್ಟ್ರೇ?"

"ಬರ್ಕೊಳ್ಳಿ. ಯಾರಿಗೆ ಬೇಕಾದ್ರೂ ತೋರಿಸಿ. ನನ್ನ ಒಪ್ಪಿಗೆ ಇದೆ."