ಎರಡು ಈರುಳ್ಳಿಯ ಹೊತ್ತು

"ಈ ದುಡ್ಡಿಗೆ ಎರಡೂ ಬರಲ್ಲ ಪುಟ್ಟಿ. ಇದು, ಇಲ್ಲಾ ಅದು," ಎಂದಳು ಕಂಪ್ಯೂಟರ್ ಅಂಗಡಿಯ ಅಕ್ಕ. ಅವಳ ಒಂದು ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಇನ್ನೊಂದು ಕೈಯಲ್ಲಿ, ಏನೇನು ಹಾಕಬೇಕೆಂದು ಅವಳೇ ಬರೆದ ಚೀಟಿ.

ಮೇಜಿನ ಮೇಲೆ ಪುಟ್ಟಿಯ ಮನೆಯ ಹಳೆಯ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಒಳಗೆಲ್ಲ ಧೂಳು, ಹತ್ತಿಯ ಹಾಗೆ ಮುದ್ದೆಗಟ್ಟಿತ್ತು.

ಪುಟ್ಟಿ ಅದನ್ನು ನೋಡುತ್ತಲೇ ಇರಲಿಲ್ಲ. ಅವಳ ಕಣ್ಣೆಲ್ಲ ಗಾಜಿನ ಕಪಾಟಿನಲ್ಲಿದ್ದ ದೊಡ್ಡ ಡಬ್ಬದ ಮೇಲೆ. ಅದರೊಳಗೆ ಆಟದ ಚಿತ್ರಗಳನ್ನು ಚೆಂದಗೆ ಮೂಡಿಸುವ, ಮೂರು ಫ್ಯಾನಿನ ಗ್ರಾಫಿಕ್ಸ್ ಕಾರ್ಡ್. ಸ್ವಿಚ್ ಹಾಕಿದರೆ ಕೆಂಪು, ನೀಲಿ, ಹಸಿರು ದೀಪ.

"ಆದ್ರೆ ಅಕ್ಕ, ವಿಡಿಯೋದಲ್ಲಿ ಅದೇ ಬೆಸ್ಟ್ ಅಂದ್ರು."

"ವಿಡಿಯೋದವರು ಬಂದು ನಿಮ್ಮನೆ ಕಂಪ್ಯೂಟರ್ ನೋಡಿದ್ರಾ?" ಅಕ್ಕ ನಕ್ಕಳು. "ಇಷ್ಟು ದೊಡ್ಡ ಕಾರ್ಡ್ ಹಾಕಿದ್ರೆ ಹಳೇ ಪವರ್ ಸಪ್ಲೈ ತಡೆಯಲ್ಲ. ಅದನ್ನೂ ಬದಲಾಯಿಸ್ಬೇಕು. ಅಲ್ಲಿಗೆ ನಿಮ್ಮಮ್ಮ ತಂದಿರೋ ದುಡ್ಡು ಖಾಲಿ. ರ‍್ಯಾಮ್ ಇಲ್ಲ, ಎಸ್‌ಎಸ್‌ಡಿ ಇಲ್ಲ. ಕುದುರೆಗೆ ಕತ್ತೆ ಜೋಡಿ ಕಟ್ಟಿ ಗಾಡಿ ಹೊಡೆದ ಹಾಗಾಗುತ್ತೆ. ಕುದುರೆ ಎಷ್ಟು ಜೋರಾಗಿದ್ರೇನು? ಗಾಡಿ ಓಡೋದು ಕತ್ತೆ ಓಡಿದಷ್ಟೇ."

ಪುಟ್ಟಿ ತುಟಿ ಉಬ್ಬಿಸಿದಳು.

"ನೋಡು, ರ‍್ಯಾಮ್ ಅಂದ್ರೆ ಕೆಲಸ ಮಾಡೋ ಮೇಜು ಅಂದ್ಕೋ. ನಿಮ್ದು ಅಂಗೈ ಅಗಲದ ಮೇಜು. ಎಸ್‌ಎಸ್‌ಡಿ ಅಂದ್ರೆ ಬೀರು. ಕೇಳಿದ ತಕ್ಷಣ ಸಾಮಾನು ತೆಗೆದುಕೊಡ್ಬೇಕು. ನಿಮ್ಮ ಹಳೇ ಬೀರು ಹುಡುಕ್ತಾ ಕೂರುತ್ತೆ. ಇವೆರಡೂ ಸರಿ ಮಾಡಿ, ಜೊತೆಗೊಂದು ಸಣ್ಣ ಕಾರ್ಡ್ ಹಾಕೋಣ. ನಿನ್ನ ಗೇಮೂ ನಡೆಯುತ್ತೆ, ಅಮ್ಮನ ಕೆಲಸನೂ ನಡೆಯುತ್ತೆ. ಯೋಚನೆ ಮಾಡು, ನಾನು ಒಳಗೆ ಕೇಬಲ್ ಹುಡುಕ್ತೀನಿ."

ಚೀಟಿಯನ್ನು ಪುಟ್ಟಿಯ ಕೈಗಿತ್ತು ಅಕ್ಕ ಒಳಗೆ ಹೋದಳು.

ಸಣ್ಣ ಕಾರ್ಡ್! ಕ್ಯಾಪ್ಟನ್ ಕೇಳಿದರೆ ಬಿದ್ದು ಬಿದ್ದು ನಗುತ್ತಾಳೆ.

ಕ್ಯಾಪ್ಟನ್ ಎಂದರೆ ಪುಟ್ಟಿಯ ತರಗತಿಯ ಗೇಮ್ ಟೀಮಿನ ಲೀಡರ್. ದಿನಾ ಐದು ಗಂಟೆಗೆ ಎಲ್ಲರೂ ತಮ್ಮ ತಮ್ಮ ಮನೆಯಿಂದಲೇ ಆಡುತ್ತಿದ್ದರು. ಆಟ ಬಿಸಿಯೇರುವ ಹೊತ್ತಿಗೆ ಸರಿಯಾಗಿ ಪುಟ್ಟಿಯ ಸ್ಕ್ರೀನ್ ಕಲ್ಲಾಗಿಬಿಡುತ್ತಿತ್ತು. ಅದಕ್ಕೇ ಟೀಮಿನಲ್ಲಿ ಅವಳ ಹೆಸರು ಆಮೆ. ನಾಳೆ ಬಿ ಸೆಕ್ಷನ್ ಜೊತೆ ಮ್ಯಾಚ್. "ಇವತ್ತು ಐದು ಗಂಟೆಗೆ ನೋಡ್ತೀನಿ. ಹ್ಯಾಂಗ್ ಆದ್ರೆ ನೀನು ಔಟ್," ಎಂದು ಕ್ಯಾಪ್ಟನ್ ಹೇಳಿಬಿಟ್ಟಿದ್ದಳು.

ಅಷ್ಟರಲ್ಲಿ ಬಾಗಿಲ ಬಳಿ ಫೋನಿನಲ್ಲಿ ಮಾತಾಡುತ್ತಿದ್ದ ಅಮ್ಮ ಒಳಗೆ ಬಂದಳು. "ಏನಂತೆ?"

ಅಮ್ಮ ಮನೆಯಲ್ಲೇ ಕೂತು ಫೋಟೋ ಸ್ಟುಡಿಯೋಗೆ ಆಲ್ಬಂ ಜೋಡಿಸಿಕೊಡುತ್ತಿದ್ದಳು. ಮದುವೆಯ ನಗು, ಹುಟ್ಟುಹಬ್ಬದ ಕೇಕು, ಎಲ್ಲ ಅವಳ ಕೈಯಲ್ಲಿ ಪುಟವಾಗುತ್ತಿದ್ದವು. ಕಂಪ್ಯೂಟರಿನ ನಿಧಾನಕ್ಕೆ ಅವಳ ಅಳತೆಯೇ ಬೇರೆ. ಆಲ್ಬಂ ತೆರೆಯುವುದಕ್ಕೆ ಒಂದು ಕೋಣೆ ಗುಡಿಸುವ ಹೊತ್ತು. ಒಂದು ಪುಟ ಸೇವ್ ಆಗುವುದಕ್ಕೆ ಎರಡು ಈರುಳ್ಳಿ ಹೆಚ್ಚುವ ಹೊತ್ತು. ಕೀಬೋರ್ಡ್ ಪಕ್ಕದಲ್ಲೇ ಹಲಗೆ, ಚಾಕು. ಅಪ್ಪ ಅದನ್ನು ನೋಡಿ, "ಕೂತ್ಕೊಂಡು ಮಾಡೋ ಕೆಲಸ, ಮಧ್ಯೆ ಅಡುಗೆನೂ ಆಗುತ್ತೆ. ಪುಣ್ಯವಂತೆ ನೀನು," ಎನ್ನುತ್ತಿದ್ದರು. ಅಮ್ಮನ ಚಾಕುವಿನ ಕೆಳಗೆ ಈರುಳ್ಳಿ ಇನ್ನೂ ಸಣ್ಣಗೆ ತುಂಡಾಗುತ್ತಿತ್ತು.

"ಏನಂದ್ರು ಪುಟ್ಟಿ?" ಅಮ್ಮ ಮತ್ತೆ ಕೇಳಿದಳು.

"ಆ ದೊಡ್ಡ ಕಾರ್ಡ್ ಹಾಕಿಸ್ಬೇಕಂತೆ."

"ಅದು ಗೇಮಿಗಲ್ವೇನೇ? ನನ್ನ ಕೆಲಸಕ್ಕೂ ಆಗುತ್ತಾ?"

ಪುಟ್ಟಿ ಕೈಯಲ್ಲಿದ್ದ ಚೀಟಿಯನ್ನು ಮಡಚಿದಳು. ಇನ್ನೊಮ್ಮೆ ಮಡಚಿದಳು. ಜೇಬಿಗೆ ಹಾಕಿಕೊಂಡಳು.

"ಆಗುತ್ತಮ್ಮ. ಎಲ್ಲಾ ಫಾಸ್ಟ್ ಆಗುತ್ತೆ."

"ಸರಿ, ನೀನು ಹೇಳಿದ ಮೇಲೆ ಮುಗೀತು. ನನಗೇನು ಗೊತ್ತಾಗುತ್ತೆ ಇದೆಲ್ಲ."

ಅಕ್ಕ ಕೇಬಲ್ ಹಿಡಿದು ಹೊರಗೆ ಬಂದಾಗ ಅಮ್ಮನೇ ಕಪಾಟಿನ ಕಡೆ ಕೈ ತೋರಿಸಿದಳು. "ಅದನ್ನೇ ಹಾಕಿಬಿಡಿ."

ಅಕ್ಕ ಪುಟ್ಟಿಯ ಮುಖ ನೋಡಿದಳು. "ಮೇಡಂ, ನಿಮ್ಮ ಆಲ್ಬಂ ಕೆಲಸಕ್ಕೆ..."

"ಅವಳು ಎಲ್ಲಾ ಓದ್ಕೊಂಡಿದ್ದಾಳೆ ಬಿಡಿ. ನಮ್ಮನೇಲಿ ಕಂಪ್ಯೂಟರ್ ಅಂದ್ರೆ ಅವಳೇ." ಅಮ್ಮನ ದನಿಯಲ್ಲಿ ಹೆಮ್ಮೆ ಇತ್ತು.

"ಡಬ್ಬ ಒಡೆದ ಮೇಲೆ ನಾವು ವಾಪಸ್ ತಗೊಳಲ್ಲ," ಎಂದಳು ಅಕ್ಕ. ಹೇಳಿದ್ದು ಅಮ್ಮನಿಗೆ, ನೋಡಿದ್ದು ಪುಟ್ಟಿಯನ್ನು.

ಪುಟ್ಟಿ ನೆಲದ ಮೇಲೆ ಬಿದ್ದಿದ್ದ ಒಂದು ಸ್ಕ್ರೂ ನೋಡುತ್ತಾ ನಿಂತಳು. ಡಬ್ಬ ಒಡೆದ ಸದ್ದು ಕೇಳಿಸಿತು.

ಕಂಪ್ಯೂಟರನ್ನು ದೊಡ್ಡ ಚೀಲದಲ್ಲಿಟ್ಟು, ಒಂದೊಂದು ಹಿಡಿ ಒಬ್ಬೊಬ್ಬರು ಹಿಡಿದುಕೊಂಡು ಇಬ್ಬರೂ ಮನೆಗೆ ನಡೆದರು. ದಾರಿಯಲ್ಲಿ ಸ್ಟುಡಿಯೋದವರ ಫೋನ್ ಬಂತು.

"ಆಗುತ್ತೆ ಸಾರ್!" ಅಮ್ಮ ಉತ್ಸಾಹದಿಂದ ಹೇಳಿದಳು. "ಬೇರೆಯವರಿಗೆ ಯಾಕೆ ಕೊಡ್ತೀರಿ? ಎರಡು ಆಲ್ಬಮ್ಮೂ ನನಗೇ ಕೊಡಿ. ಹೊಸ ಪಾರ್ಟ್ ಹಾಕಿಸಿದ್ದೀನಿ. ಇನ್ಮೇಲೆ ನನ್ನ ಕೈಲಿ ಲೇಟ್ ಅನ್ನೋ ಮಾತೇ ಇಲ್ಲ."

ಚೀಲದ ಹಿಡಿ ಪುಟ್ಟಿಯ ಬೆರಳನ್ನು ಕೊಯ್ಯತೊಡಗಿತು. ಆದರೂ ಅವಳು ಕೈ ಬದಲಾಯಿಸಲಿಲ್ಲ.

ಐದು ಗಂಟೆಗೆ ಗೇಮ್ ತೆರೆಯಿತು. ಅಬ್ಬ! ಪರದೆಯ ಮೇಲೆ ಹುಲ್ಲಿನ ಒಂದೊಂದು ಎಸಳೂ ಕಾಣುತ್ತಿತ್ತು. ನೀರಿನಲ್ಲಿ ಮೋಡದ ನೆರಳು ತೇಲುತ್ತಿತ್ತು.

"ಓಡು ಆಮೆ, ಓಡು! ಎಡಕ್ಕೆ!" ಹೆಡ್‌ಫೋನಿನಲ್ಲಿ ಕ್ಯಾಪ್ಟನ್ ಕೂಗಿದಳು.

ಪುಟ್ಟಿ ಓಡಿದಳು. ನಾಲ್ಕು ಹೆಜ್ಜೆ. ಐದನೆಯ ಹೆಜ್ಜೆಗೆ ಎಲ್ಲವೂ ನಿಂತಿತು. ಹುಲ್ಲು ನಿಂತಿತು, ನೀರು ನಿಂತಿತು, ಅವಳ ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಫ್ಯಾನುಗಳು ಮಾತ್ರ ಭರ‍್ರೆಂದು ತಿರುಗುತ್ತಿದ್ದವು.

"ಮತ್ತೆ ಹ್ಯಾಂಗಾ? ಹೊಸ ಕಾರ್ಡ್ ಅಂದೆ?"

"ಹೊಸದೇ ಕಣೇ! ದೀಪ ಎಲ್ಲಾ ಇದೆ..."

"ಆಮೆಗೆ ಬಣ್ಣ ಹೊಡೆದ್ರೆ ಕುದುರೆ ಆಗುತ್ತಾ?" ಯಾರೋ ಅಂದರು. ಎಲ್ಲರೂ ನಕ್ಕರು.

"ಸಾರಿ ಕಣೇ," ಎಂದಳು ಕ್ಯಾಪ್ಟನ್. "ನಾಳೆ ನೀನು ಬೇಡ."

ಪುಟ್ಟಿ ಹೆಡ್‌ಫೋನ್ ತೆಗೆದಿಟ್ಟಳು. ಹಿಂದೆ ಅಮ್ಮ ನಿಂತಿರುವುದು ಆಗಲೇ ಗೊತ್ತಾದದ್ದು.

"ಆಟ ಮುಗೀತಾ? ಏಳು ಮತ್ತೆ, ನನ್ನ ಸರದಿ," ಅಮ್ಮ ನಗುತ್ತಿದ್ದಳು. ಹಲಗೆ, ಚಾಕು ಎತ್ತಿಕೊಂಡು ಅಡುಗೆಮನೆಗೆ ಹೋಗಿ ಇಟ್ಟು ಬಂದಳು. "ಈ ಹಲಗೆಗೆ ಇವತ್ತಿಂದ ರಿಟೈರ್‌ಮೆಂಟು. ಇನ್ನು ಮಧ್ಯೆ ಈರುಳ್ಳಿ ಹೆಚ್ಚೋಕೆ ಪುರುಸೊತ್ತೆಲ್ಲಿ ಸಿಗುತ್ತೆ?"

ಅಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುರ್ಚಿಯಲ್ಲಿ ಕೂತಳು. ಆಲ್ಬಂ ತೆರೆಯಲು ಕ್ಲಿಕ್ ಮಾಡಿದಳು. ಕಾದಳು. ಒಂದು ಕೋಣೆ ಗುಡಿಸುವಷ್ಟು ಹೊತ್ತು ಕಾದಳು. ಪುಟ ಬಂತು. ಅದರಲ್ಲಿ ಯಾರದೋ ಮನೆಯ ಅಜ್ಜಿ, ಮೊಮ್ಮಗು. ಅಮ್ಮ ಅಜ್ಜಿಯ ಮುಖವನ್ನು ಸ್ವಲ್ಪ ಬೆಳಗಿಸಿದಳು. ಮಗುವನ್ನು ಹತ್ತಿರ ಸರಿಸಿದಳು. ಸೇವ್ ಒತ್ತಿದಳು.

ನೀಲಿ ಗೆರೆ ಕಾಣಿಸಿಕೊಂಡಿತು. ಇರುವೆಯ ಹಾಗೆ ತೆವಳಿತು. ನಿಂತಿತು. ಮತ್ತೆ ತೆವಳಿತು.

ಅಮ್ಮ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದಳು. ಅವಳ ಕೈ ಸುಮ್ಮನೆ ಇರುವುದನ್ನು ಪುಟ್ಟಿ ಅದುವರೆಗೆ ನೋಡಿರಲಿಲ್ಲ. ಹೊಸ ಕಾರ್ಡಿನ ದೀಪ ಅಮ್ಮನ ಕೆನ್ನೆಯನ್ನು ಕೆಂಪು ಮಾಡಿತು, ನೀಲಿ ಮಾಡಿತು, ಹಸಿರು ಮಾಡಿತು.

"ಅಮ್ಮ, ಅದು..."

"ಹೊಸದಲ್ವಾ ಪುಟ್ಟಿ," ಅಮ್ಮ ಗೆರೆಯನ್ನೇ ನೋಡುತ್ತಾ ಹೇಳಿದಳು. "ಹೊಂದಿಕೊಳ್ಳೋಕೆ ಟೈಮ್ ಬೇಕೇನೋ. ಮೊದಲಿಗಿಂತ ಪರವಾಗಿಲ್ಲ ಅನ್ಸುತ್ತೆ, ಅಲ್ವಾ?"

ಪುಟ್ಟಿ ಜೇಬಿನಲ್ಲಿ ಕೈ ಹಾಕಿದಳು. ಚೀಟಿ ಅಲ್ಲೇ ಇತ್ತು.

ಅಮ್ಮ ಇನ್ನೂ ಸ್ವಲ್ಪ ಹೊತ್ತು ಕೂತಳು. ಆಮೇಲೆ ಎದ್ದು ಒಳಗೆ ಹೋದಳು. ಹಲಗೆ, ಚಾಕು, ಎರಡು ಈರುಳ್ಳಿ ತಂದು ಕೀಬೋರ್ಡಿನ ಪಕ್ಕ ಇಟ್ಟುಕೊಂಡಳು. ಮೊದಲ ಈರುಳ್ಳಿ ಸಣ್ಣಗೆ, ತುಂಬಾ ಸಣ್ಣಗೆ ತುಂಡಾಯಿತು.

ಫೋನ್ ರಿಂಗಾಯಿತು. ಸ್ಟುಡಿಯೋದವರು. ಅಮ್ಮ ಫೋನ್ ನೋಡಿದಳು, ನೀಲಿ ಗೆರೆ ನೋಡಿದಳು. ಸೆರಗಿಗೆ ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ನಗುದನಿಯಲ್ಲಿ "ಹೇಳಿ ಸಾರ್," ಎಂದಳು. ಮಾತಾಡುತ್ತಾ ಹೊರಬಾಗಿಲ ಕಡೆ ನಡೆದಳು.

ಗೆರೆ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ. ಪುಟ್ಟಿ ಹಲಗೆಯನ್ನು ತನ್ನ ಕಡೆ ಎಳೆದುಕೊಂಡಳು. ಎರಡನೆಯ ಈರುಳ್ಳಿಯೂ ಬೇಕಾಗುತ್ತದೆ ಎಂದು ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.