ನೀಲಿ ಕ್ರೇಟಿನ ಗಿಡ್ಡ ಕಾಲುಗಳು

2005ರ ಮಾರ್ಚ್ 11, ಶುಕ್ರವಾರ, ಬೆಳಿಗ್ಗೆ 8.15. ಹಳೇ ಮದ್ರಾಸ್ ರಸ್ತೆಯ ಸಂಚಾರ ಠಾಣೆಗೆ ಉಮಾಶ್ರೀ ಎಂಬ ಯುವತಿ ಬಂದಾಗ ಹೆಡ್ ಕಾನ್‌ಸ್ಟೇಬಲ್ ಸಾಯಬಣ್ಣ ಎರಡನೇ ಲೋಟ ಚಹಾಕ್ಕೆ ಕೈಚಾಚಿದ್ದ. ಕುರ್ಚಿ ತೋರಿಸಿದರೂ ಆಕೆ ಕೂರಲಿಲ್ಲ.

"ನಮ್ಮಪ್ಪ ಹೋಗ್ಬಿಟ್ರು ಸಾರ್. ಟೆಂಪೋದವನು ನಿಲ್ಲಿಸ್ಲೇ ಇಲ್ಲ."

ಅಪ್ಪನ ಹೆಸರು ಆದಿನಾರಾಯಣ, ವಯಸ್ಸು 54, ವಾಚ್‌ಮನ್. ರಾತ್ರಿಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದರು. 5.50ರ ಸುಮಾರಿಗೆ ಕೆ.ಆರ್. ಪುರದ ತೂಗುಸೇತುವೆಯ ಇಳಿಜಾರಿನಲ್ಲಿ ಮುಂದಿನ ಟೆಂಪೋದಿಂದ ಕ್ರೇಟೊಂದು ಜಾರಿ ಸೈಕಲ್ಲಿನ ಚಕ್ರಕ್ಕೆ ಅಡ್ಡಬಿತ್ತು. ತಲೆ ಡಿವೈಡರಿಗೆ ಬಡಿದು, ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು ಎಂದು ಐಪಿಸಿ 279 ಮತ್ತು 304(ಎ) ಅಡಿ ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರ್ ಲಕ್ಷ್ಮಿಕಾಂತರು 9.30ಕ್ಕೆ ಸ್ಥಳ ಪಂಚನಾಮೆ ಮಾಡಿಸಿದರು. ಚೆಲ್ಲಾಪಿಲ್ಲಿಯಾದ ಬನ್ನುಗಳು, ಒಂದು ನೀಲಿ ಪ್ಲಾಸ್ಟಿಕ್ ಕ್ರೇಟು. ಕ್ರೇಟಿನ ಮೇಲೆ ಬಿಳಿ ಬಣ್ಣದಲ್ಲಿ ಬೇಕರಿಯ ಹೆಸರಿತ್ತು. ಹನ್ನೊಂದಕ್ಕೆಲ್ಲ ಪೊಲೀಸರು ಕಲ್ಯಾಣ ನಗರದ ಆ ಬೇಕರಿಯ ಅಂಗಳದಲ್ಲಿದ್ದರು. ಟೆಂಪೋ ಆಗಷ್ಟೇ ಲೋಡ್ ಇಳಿಸಿ ಬಂದು ನಿಂತಿತ್ತು. ಹಿಂಬದಿಯಲ್ಲಿ ಹಗ್ಗ ಸಡಿಲವಾಗಿ ಜೋಲಾಡುತ್ತಿತ್ತು.

"ಕ್ರೇಟು ಬಿದ್ದಿದ್ದು ಗೊತ್ತಾಗ್ಲಿಲ್ವಾ?" ಲಕ್ಷ್ಮಿಕಾಂತರು ಚಾಲಕ ಯಾಸಿರ್‌ನನ್ನು ಕೇಳಿದರು.

"ಖುದಾ ಕಸಮ್ ಗೊತ್ತಾಗ್ಲಿಲ್ಲ ಸಾರ್. ಅಂಗಡೀಲಿ ಇಳಿಸ್ಬೇಕಾದ್ರೆ ಒಂದು ಕಮ್ಮಿ ಇತ್ತು. ಇಲ್ಲೇ ಬಿಟ್ಟಿರ್ಬೇಕು ಅನ್ಕೊಂಡೆ."

"ಹಗ್ಗ ಕಟ್ಟಿರ್ಲಿಲ್ಲ."

"ಕಟ್ಟಿದ್ದೆ ಸಾರ್! ಮಾಲ್ ಇಳಿಸಿದ್ಮೇಲೆ ಬಿಚ್ಚಿದ್ದು."

ಸಿಕ್ಕಿಬಿದ್ದ ಚಾಲಕರೆಲ್ಲ ಹೇಳುವುದೇ ಇದು ಎಂದುಕೊಂಡ ಸಾಯಬಣ್ಣ, ವರದಿಯಲ್ಲಿ 'ಸರಕಿಗೆ ಹಗ್ಗ ಕಟ್ಟಿರಲಿಲ್ಲ' ಎಂದು ಒಂದೇ ಉಸಿರಿಗೆ ಬರೆದ. ಇಪ್ಪತ್ತೆರಡು ವರ್ಷ ಸರ್ವಿಸು; ಕಣ್ಣು ನೋಡುವ ಮೊದಲೇ ಕೈ ಬರೆದು ಮುಗಿಸುತ್ತಿತ್ತು. ಜಾಮೀನು ಸಿಗುವ ಕೇಸಾದ್ದರಿಂದ ಯಾಸಿರ್ ಸಂಜೆಗೆ ಮನೆಗೆ ಹೋದ. ಲೈಸೆನ್ಸ್ ಠಾಣೆಯಲ್ಲೇ ಉಳಿಯಿತು. ಮಾಲೀಕ ಹಬೀಬ್ ಅವನನ್ನು ಕೆಲಸದಿಂದ ತೆಗೆದುಹಾಕಿದರು.

ಶನಿವಾರ ಮಧ್ಯಾಹ್ನ ಜಪ್ತಿಯಾದ ವಸ್ತುಗಳಿಗೆ ಚೀಟಿ ಅಂಟಿಸುವಾಗ ಸಾಯಬಣ್ಣನಿಗೆ ಜಾಗ ಸಾಲಲಿಲ್ಲ. ಅಪಘಾತದ ಕ್ರೇಟನ್ನು, ಮಾದರಿಗೆಂದು ಬೇಕರಿಯಿಂದ ತಂದಿದ್ದ ಇನ್ನೊಂದು ಕ್ರೇಟಿನ ಮೇಲಿಟ್ಟ. ಮೊಣಕೈ ತಾಗಿದ್ದೇ ತಡ, ಮೇಲಿನದು ಜಾರಿ ನೆಲಕ್ಕೆ ಬಿತ್ತು.

ತಿರುಗಿಸಿ ನೋಡಿದ. ಇಂಥ ಕ್ರೇಟಿನ ತಳದಲ್ಲಿ ಮೂಲೆಗೊಂದು ಗಿಡ್ಡ ಕಾಲು ಇರುತ್ತದೆ. ಅದು ಕೆಳಗಿನ ಕ್ರೇಟಿನ ಅಂಚಿನ ಕುಳಿಯೊಳಗೆ ಕೂತುಬಿಟ್ಟರೆ ಹತ್ತು ಕ್ರೇಟು ಒಂದೇ ಕಂಬವಾಗುತ್ತವೆ. ಎಳೆದರೆ ಬಾರವು, ಮೇಲಕ್ಕೆತ್ತಿಯೇ ತೆಗೆಯಬೇಕು. ಅಪಘಾತದ ಕ್ರೇಟಿಗೆ ನಾಲ್ಕೂ ಕಾಲಿರಲಿಲ್ಲ. ಮುರಿದದ್ದಲ್ಲ, ಗರಗಸದ ಬ್ಲೇಡಿನಿಂದ ನೀಟಾಗಿ ಕೊಯ್ದದ್ದು. ಹಗ್ಗ ಎಷ್ಟೇ ಬಿಗಿಯಾಗಿದ್ದರೂ ಇದು ನಡುವಿನಿಂದ ನುಣುಚಿಕೊಳ್ಳುತ್ತಿತ್ತು.

ಸಾಯಬಣ್ಣ ತನ್ನ ವರದಿಯ ಹಗ್ಗದ ಸಾಲನ್ನು ಮತ್ತೊಮ್ಮೆ ಓದಿದ. ಕ್ರೇಟನ್ನು ಎತ್ತಿಕೊಂಡೇ ಇನ್ಸ್‌ಪೆಕ್ಟರರ ಕೋಣೆಗೆ ಹೋದ.

"ಸಾರ್, ಹಗ್ಗದ ಮಾತು ನಾನು ನೋಡಿ ಬರೆದದ್ದಲ್ಲ."

ಲಕ್ಷ್ಮಿಕಾಂತರು ಅವನನ್ನೂ ಕ್ರೇಟನ್ನೂ ನೋಡಿದರು. "ಅದನ್ನ ಬರ್ದು ಸೈನ್ ಮಾಡಿ ಕೊಡಿ. ತಪ್ಪಿಗೆ ಮೆಮೊ ಬರುತ್ತೆ, ತಗೊಳ್ಳಿ. ಮೊದ್ಲು ಬೇಕರಿಗೆ ನಡೀರಿ."

3.20ಕ್ಕೆ ಬೇಕರಿಯ ಕ್ರೇಟುಗಳನ್ನೆಲ್ಲ ಮಗುಚಿ ನೋಡಿದ್ದಾಯಿತು. ಕಾಲು ಕೊಯ್ದವು ಇನ್ನೂ ಹದಿಮೂರಿದ್ದವು, ಎಲ್ಲವೂ ಪ್ಯಾಕಿಂಗ್ ಮೇಜಿನ ಪಕ್ಕದ ಸಾಲಿನಲ್ಲೇ. ಅಲ್ಲಿ ಖಾಲಿ ಕ್ರೇಟುಗಳನ್ನು ತಲೆಗಿಂತ ಎತ್ತರದ ರಾಶಿಯಿಂದ ಇಳಿಸುವ ಹೆಂಗಸು ಜಟ್ಟೆಮ್ಮ, ಶಹಾಪುರದ ಕಡೆಯವಳು. ತನ್ನೂರಿನ ಕಡೆಯ ಮಾತು ಕಿವಿಗೆ ಬಿದ್ದು ಸಾಯಬಣ್ಣ ಮೆತ್ತಗಾದ.

"ಎಲ್ಲಾ ಒಬ್ಬಾಕೀನ ಇಳಸ್ತಿಯೇನವ್ವ?"

"ಹೂನ್ರಿ. ಡಿಸೆಂಬರದಾಗ ಗರ್ಭಚೀಲದ ಆಪರೇಷನ್ ಆತು. ಭಾರ ಎತ್ತಬ್ಯಾಡ, ಕೈ ಮ್ಯಾಲ ಮಾಡಬ್ಯಾಡ ಅಂದಿದ್ರು ಡಾಕ್ಟರು. ಮನ್ಯಾಗ ಕೂತ್ರ ಬ್ಯಾರೆದಾಕಿನ್ನ ತಗೋತಾರ್ರಿ." ರಾಶಿಯ ಮೇಲಿನ ಕ್ರೇಟನ್ನು ಒಂದೇ ಕೈಯಿಂದ ಎಳೆದು ತೋರಿಸಿದಳು. "ಈಗ ನೋಡ್ರಿ, ಹೆಂಗ ಸರಳ ಬರ್ತಾವು! ಕೈಯಾಗ ತಾಕತ್ತು ಬಂದೈತ್ರಿ."

ಸಾಯಬಣ್ಣ ತಿರುಗಿ ನೋಡಿದ. ಲೋಡಿಂಗ್ ಬಾಗಿಲಲ್ಲಿ ನಿಂತಿದ್ದ ಅವಳ ಗಂಡ ಅಮರಪ್ಪನ ಮುಖ ಸುಣ್ಣವಾಗಿತ್ತು. ಟೆಂಪೋಗೆ ಕ್ರೇಟು ಜೋಡಿಸುವವನು ಅವನೇ.

ಠಾಣೆಯಲ್ಲಿ ವಿಚಾರಣೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಕಾಲು ಕೊಯ್ದಿದ್ದು ಯಾರು?"

"ನಾನ್ರೀ."

"ಯಾಕೆ?"

ಅಮರಪ್ಪ ಹೆಗಲ ಟವೆಲನ್ನು ಕೈಗೆ ಸುತ್ತಿಕೊಂಡ.

"ಯಾಸಿರ್ ಮೇಲೆ ಕೇಸಾಗಿದೆ, ಗೊತ್ತಲ್ವಾ?"

"ಗೊತ್ತೈತ್ರಿ. ನಿನ್ನಿಯಿಂದ ಗಂಟಲದಾಗ ಅನ್ನ ಇಳಿದಿಲ್ರಿ." ಅಮರಪ್ಪ ತಲೆ ತಗ್ಗಿಸಿದ. "ಕೊಯ್ದವು ಟೆಂಪೋದಾಗ ಯಾವಾಗ್ಲೂ ತಳಕ್ಕ ಇಡ್ತಿದ್ದೆ. ತಳದಾಗಿದ್ರ ಜಾರಂಗಿಲ್ಲ, ಮ್ಯಾಲಿನ್ವು ಗಟ್ಟಿ ಕುಂಡ್ರತಾವು. ಶುಕ್ರವಾರ ಜಟ್ಟೆಮ್ಮಗ ದವಾಖಾನಿಗೆ ತೋರಸೂದಿತ್ತು. ನಸುಕಿನ್ಯಾಗ ಪಾಳೆ ಹಚ್ಚಾಕ ಹೋದೆ. ಬ್ಯಾರೆದವ್ರು ಲೋಡ್ ಮಾಡಿದ್ರು. ಅವ್ರಿಗೆ ಹೇಳಿರಲಿಲ್ರಿ. ಯಾರಿಗೂ ಹೇಳಿರಲಿಲ್ಲ."

"ನಿನ್ನ ಹೆಂಡ್ತಿಗೆ?"

"ಆಕೀಗೂ ಇಲ್ರಿ." ಅವನು ಎದ್ದು ಕೈಮುಗಿದ. "ಸಾಹೇಬ್ರ, ಎಷ್ಟರ ವರ್ಷ ಹಾಕ್ರಿ. ಯಾಕ ಕೊಯ್ದೆ ಅನ್ನೂದು ಮಾತ್ರ ಬರೀಬ್ಯಾಡ್ರಿ. ಆಕಿ ಬದುಕೂದಿಲ್ಲ."

ಲಕ್ಷ್ಮಿಕಾಂತರು ಕಿಟಕಿಯತ್ತ ನೋಡಿದರು. "ಕಾರಣ ಇಲ್ದೆ ಕೋರ್ಟಿಗೆ ಕೊಡೋಕಾಗಲ್ಲ. ಯಾಸಿರ್ ಬಚಾವಾಗ್ಬೇಕಾದ್ರೂ ಅದು ಬೇಕು. ಬರೀರಿ ಸಾಯಬಣ್ಣ."

ಸಾಯಬಣ್ಣ ಬರೆದ. ಈ ಸಲ ಪ್ರತಿ ಸಾಲಿಗೂ ಪೆನ್ನು ನಿಲ್ಲಿಸಿ, ಹೌದೇನು ಎಂದು ಕೇಳಿ ಬರೆದ. ಅಮರಪ್ಪನಿಗೆ ಓದು ಬರುತ್ತಿರಲಿಲ್ಲ. ಸ್ವಇಚ್ಛಾ ಹೇಳಿಕೆಯನ್ನು ಗಟ್ಟಿಯಾಗಿ ಓದಿ ಹೇಳಲೇಬೇಕಿತ್ತು. 'ನನ್ನ ಹೆಂಡತಿಗೆ ಕ್ರೇಟು ಎತ್ತುವ ಕಷ್ಟ ತಪ್ಪಲಿ, ಎಳೆದರೆ ಬರಲಿ ಎಂದು' ಎನ್ನುವಲ್ಲಿಗೆ ಬಂದಾಗ ತಲೆಯೆತ್ತಿದರೆ, ಬಾಗಿಲಲ್ಲಿ ಜಟ್ಟೆಮ್ಮ ಬುತ್ತಿಗಂಟು ಹಿಡಿದು ನಿಂತಿದ್ದಳು. ಸಾಯಬಣ್ಣ ಓದು ನಿಲ್ಲಿಸಿದ.

"ಓದ್ರಿ," ಎಂದಳು. "ನಿಂದರಬ್ಯಾಡ್ರಿ."

ಅವನು ಕೊನೆಯವರೆಗೂ ಓದಿದ. ಜಟ್ಟೆಮ್ಮ ಗಂಟನ್ನು ಬೆಂಚಿನ ಮೇಲಿಟ್ಟು ಗಂಡನ ಮುಂದೆ ಬಂದು ನಿಂತಳು.

"ಹದಿನಾಲ್ಕು ಕ್ರೇಟು ಕೊಯ್ಯೂತನಕ ಒಂದ್ಸಲನೂ ನನಗ ಹೇಳಬೇಕನಸಲಿಲ್ಲೇನು?"

"ಹೇಳಿದ್ರ ನೀ ಮತ್ತ ಎತ್ತತಿದ್ದಿ."

"ಎತ್ತತಿದ್ದೆ," ಎಂದಳು ಜಟ್ಟೆಮ್ಮ. "ಎತ್ತೇ ಎತ್ತತಿದ್ದೆ."

ಸಂಜೆ 5.40ಕ್ಕೆ ಅಮರಪ್ಪನ ಬಂಧನವನ್ನು ದಾಖಲಿಸಲಾಯಿತು. ಬಂಧನದ ವಿಷಯ ಯಾರಿಗೆ ತಿಳಿಸಲಾಯಿತು ಎಂಬಲ್ಲಿ ಸಾಯಬಣ್ಣ 'ಹೆಂಡತಿ ಜಟ್ಟೆಮ್ಮ' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡ. ಅವಳು ಬೆರಳಿನ ಮಸಿ ಒರೆಸಿಕೊಳ್ಳಲಿಲ್ಲ.

"ಅಣ್ಣಾ, ಸತ್ತವರ ಮಗಳು ಅದಾಳಂತಲ್ಲ, ಆಕಿ ಮನಿ ಎಲ್ಲೈತ್ರಿ?"

"ಯಾಕವ್ವ?"

"ನಿಮ್ಮಪ್ಪ ನನ್ನ ಸಲುವಾಗಿ ಸತ್ತಾರ ಅಂತ ಆಕೀಗೆ ಯಾರರ ಹೇಳಬೇಕಲ್ರಿ."

ಒಳಗೆ ಕೂತಿದ್ದ ಅಮರಪ್ಪ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ.